ಮ್ಯಾಮೊಗ್ರಾಮ್ ರಿಪೋರ್ಟಿನಲ್ಲಿ ‘0’ ಬಂದರೆ ಮುಂದೇನು?

ಕೋಲಾರದಲ್ಲಿ ಮ್ಯಾಮೊಗ್ರಾಮ್, ಅಂದರೆ ಸ್ತನ ಕ್ಯಾನ್ಸರ್ ಪತ್ತೆಗೆ ಮಾಡುವ ಎಕ್ಸ್-ರೇ, ತೆಗೆಯೋದು ನನ್ನ ಕೆಲಸ. ರಿಪೋರ್ಟ್ ಕೈಗೆ ಬಂದ ತಕ್ಷಣ ಹೆಂಗಸರು ಕೇಳೋದು ಒಂದೇ: “ಮೇಡಂ, ಇದೆಯಾ, ಇಲ್ವಾ?” ಕೆಲವು ರಿಪೋರ್ಟುಗಳು ಎರಡನ್ನೂ ಹೇಳುವುದಿಲ್ಲ. ಅಂಥದ್ದು ಬಂದಿದ್ದರೆ ಹೀಗೆ ಮಾಡಿ.

ಮೊದಲು ರಿಪೋರ್ಟಿನ ಕೊನೆಯ ಭಾಗ ನೋಡಿ. ಬೈರಾಡ್ಸ್ (BI-RADS) ಅಂತ ಬರೆದು ಪಕ್ಕದಲ್ಲಿ 0ಯಿಂದ 6ರ ಒಳಗೆ ಒಂದು ಅಂಕಿ ಇರುತ್ತದೆ. 1, 2 ಬಂದರೆ ಕ್ಯಾನ್ಸರಿನ ಗುರುತು ಕಂಡಿಲ್ಲ. 3 ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಜಾಸ್ತಿ ಇಲ್ಲ, ಆದರೂ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ತೆಗೆಸಬೇಕು. 4, 5 ಬಂದರೆ ಬಯಾಪ್ಸಿ, ಅಂದರೆ ಆ ಜಾಗದ ಚೂರು ಮಾಂಸ ತೆಗೆದು ನೋಡುವ ಪರೀಕ್ಷೆ, ಮಾಡಿಸಬೇಕು. 6 ಅನ್ನೋದು ಕ್ಯಾನ್ಸರ್ ಇದೆ ಅಂತ ಬಯಾಪ್ಸಿಯಲ್ಲಿ ಆಗಲೇ ಗೊತ್ತಾದವರಿಗೆ. 0 ಬಂದರೆ ಪರೀಕ್ಷೆ ಇನ್ನೂ ಮುಗಿದಿಲ್ಲ. ಸೊನ್ನೆ ತಾನೇ, ಏನೂ ಇಲ್ಲ ಅಂತ ಸಮಾಧಾನವಾಗಿ ಬಸ್ಸು ಹತ್ತುವವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

0 ಬರೋದಕ್ಕೆ ಕಾರಣ ಬೇಕಾದಷ್ಟಿವೆ. ಎದೆಯೊಳಗಿನ ಹಾಲಿನ ಗ್ರಂಥಿ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೇ ಕಾಣುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಗ್ರಂಥಿ ದಟ್ಟವಾಗಿರೋದು ಜಾಸ್ತಿ, ಗಂಟು ಅದರಲ್ಲೇ ಮುಚ್ಚಿಹೋಗಬಹುದು. ಕೆಲವೊಮ್ಮೆ ಮಾಂಸ ಒಂದರ ಮೇಲೊಂದು ಬಿದ್ದು ಗಂಟಿನ ಹಾಗೆ ಕಾಣುತ್ತದೆ. ಕಂಕುಳಿಗೆ ಹಾಕಿದ ಪೌಡರ್ ಕೂಡ ಸಣ್ಣ ಬಿಳಿ ಚುಕ್ಕಿಯಾಗಿ ಬೀಳುತ್ತದೆ, ಅದು ಕ್ಯಾನ್ಸರಿನ ಗುರುತಾಗಬಹುದಾದ ಸುಣ್ಣದ ಕಣವೇನೋ ಅನ್ನಿಸುತ್ತದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಪ್ರಕಾರ, ಹೀಗೆ ಮತ್ತೆ ಕರೆಸಿಕೊಂಡ ನೂರು ಜನರಲ್ಲಿ ಕ್ಯಾನ್ಸರ್ ಸಿಗೋದು ಹತ್ತಕ್ಕಿಂತ ಕಡಿಮೆ ಜನರಿಗೆ. ಅದಕ್ಕೇ ಹೆದರಬೇಡಿ ಅನ್ನೋದು. ಆದರೆ ಮುಂದಿನ ಪರೀಕ್ಷೆ ಬಿಡಬೇಡಿ.

ಮುಂದಿನ ಪರೀಕ್ಷೆ ಅಂದರೆ ಅನುಮಾನ ಇರುವ ಜಾಗವನ್ನಷ್ಟೇ ಚಿಕ್ಕ ಪ್ಲೇಟಿನಿಂದ ಒತ್ತಿ ಇನ್ನೊಂದು ಫಿಲ್ಮ್ ತೆಗೆಯೋದು, ಇಲ್ಲವೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಇಲ್ಲವೇ ಎರಡೂ. ಒತ್ತುವಾಗ ನೋವಾಗುತ್ತದೆ, ಆದರೆ ಕೆಲವೇ ಸೆಕೆಂಡು. ಅವತ್ತು ಪೌಡರ್, ಸೆಂಟು ಬೇಡ. ಸೀರೆ ಅಥವಾ ಚೂಡಿದಾರ್ ಹಾಕಿಕೊಂಡು ಬನ್ನಿ, ಮೇಲಿನದಷ್ಟೇ ತೆಗೆದರೆ ಸಾಕು. ತಾಳಿ ತೆಗೆಯೋದಕ್ಕೆ ತುಂಬಾ ಜನ ಹಿಂಜರಿಯುತ್ತಾರೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಅಂತೀನಿ, ಆಗ ಒಪ್ಪುತ್ತಾರೆ. ಹಳೇ ಮ್ಯಾಮೊಗ್ರಾಮ್ ಫಿಲ್ಮ್ ಅಥವಾ ಸಿಡಿ ಇದ್ದರೆ ಮರೆಯದೆ ತನ್ನಿ. ಹೋದ ಸಲವೂ ಇದೇ ಚುಕ್ಕಿ ಇದೇ ಅಳತೆಯಲ್ಲಿತ್ತು ಅಂತ ಕಂಡರೆ ಕೆಲವರ ವಿಷಯ ಅಲ್ಲಿಗೇ ಮುಗಿಯುತ್ತದೆ. ಫಿಲ್ಮ್ ಮಡಚಬೇಡಿ.

ಬಯಾಪ್ಸಿ ಬೇಕು ಅಂದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿಯಿಂದ ಕೆಲವು ಎಳೆ ಮಾಂಸ ತೆಗೆಯುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು ನಮ್ಮ ಕಡೆ ಬಲವಾಗಿದೆ. ಆ ಭಯಕ್ಕೆ ಬಯಾಪ್ಸಿ ಬಿಡಬೇಡಿ. ಫಲಿತಾಂಶ ಬಂದ ಮೇಲೆ ಡಾಕ್ಟರಿಗೆ ಒಂದು ಪ್ರಶ್ನೆ ಕೇಳಲೇಬೇಕು: “ಫಿಲ್ಮಿನಲ್ಲಿ ಕಂಡಿದ್ದಕ್ಕೂ ಇದಕ್ಕೂ ತಾಳೆ ಆಗ್ತಿದೆಯಾ?” ಆಗದಿದ್ದರೆ ಮತ್ತೆ ನೋಡಬೇಕಾಗುತ್ತದೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಫಿಲ್ಮ್, ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ರೆಫರಲ್ ಚೀಟಿ ಬೇಕಾ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಶ್ರೀನಿವಾಸಪುರದ ಕಡೆಯವರು ಮಾವಿನ ಕೊಯ್ಲು ಮುಗೀಲಿ ಅಂತಾರೆ. ಟೊಮೆಟೊ ಬೆಳೆಯೋರು ಮಂಡಿಗೆ ಮಾಲು ಹಾಕಿ ಬರ್ತೀನಿ ಅಂತಾರೆ. ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ 0 ಬಂದ ರಿಪೋರ್ಟ್ ಕೊಯ್ಲು ಮುಗಿಯೋ ತನಕ ಕಾಯುವಂಥದ್ದಲ್ಲ, ಅದೇ ವಾರ ದಿನ ಗೊತ್ತು ಮಾಡಿಕೊಳ್ಳಿ. ಇನ್ನೊಂದು, ಕೈಗೆ ಗಂಟು ಸಿಗ್ತಿದ್ದರೆ ರಿಪೋರ್ಟಿನಲ್ಲಿ 1 ಅಂತ ಇದ್ದರೂ ಡಾಕ್ಟರಿಗೆ ತೋರಿಸಿ.