ಜರ್ಮನಿಯಲ್ಲಿ ಕಾರ್ ಕೊಳ್ಳೋ ಮೊದಲು ವರ್ಷದ ತೆರಿಗೆ ಲೆಕ್ಕ ಹಾಕಿ

ರಜೆಗೆ ಹುಬ್ಬಳ್ಳಿಗೆ ಬಂದಾಗಲೆಲ್ಲ ಮನೆಗೆ ಒಂದಿಬ್ಬರು ಹುಡುಗರು ಬಂದೇ ಬರುತ್ತಾರೆ. ವಿದ್ಯಾನಗರದ ಬಿವಿಬಿಯಲ್ಲಿ ಓದಿದವರು, ಧಾರವಾಡದ ಎಸ್‌ಡಿಎಂನಲ್ಲಿ ಓದಿದವರು, ಹಾವೇರಿ ಕಡೆಯವರು. ಎಲ್ಲರೂ ಜರ್ಮನಿಗೆ ಹೊರಟವರು. ವೀಸಾ, ಮನೆ ಬಾಡಿಗೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಂತೆಲ್ಲ ಕೇಳಿ ಮುಗಿದ ಮೇಲೆ ಕೊನೆಗೆ ಕಾರಿನ ಮಾತು ಬರುತ್ತದೆ. ಈ ಸಲ ಬಂದಿದ್ದ ಗದಗಿನ ಹುಡುಗ ಸ್ಟುಟ್‌ಗಾರ್ಟ್ ಹತ್ತಿರ ಕೆಲಸಕ್ಕೆ ಸೇರುವವನು. ಫೋನಿನಲ್ಲಿ ಒಂದು ಹಳೇ ಡೀಸೆಲ್ ಕಾರಿನ ಫೋಟೋ ತೋರಿಸಿದ. "ಕಾಕಾ, ಭಾಳ ಸೋವಿ ಐತಿ ಇದು. ಟ್ಯಾಕ್ಸ್ ಒಂದ್ ಸಲ ಕಟ್ಟಿಬಿಟ್ರ ಮುಗೀತಲ್ಲ?" ಅಂದ.

ಮುಗಿಯೋದಿಲ್ಲ. ಅಲ್ಲಿ ತೆರಿಗೆ ಪ್ರತಿ ವರ್ಷ. ಅದೂ ವರ್ಷದ್ದನ್ನು ಮುಂಚಿತವಾಗಿಯೇ ಕಟ್ಟಬೇಕು.

ಅವನ ತಪ್ಪೇನೂ ಇಲ್ಲ. ನಾವು ಬೆಳೆದದ್ದೇ ಹಾಗೆ. ಹುಬ್ಬಳ್ಳಿ ಶೋರೂಮಿಗೆ ಹೋಗ್ತೀವಿ, ಅವರು ಆನ್ ರೋಡ್ ಬೆಲೆ ಅಂತ ಒಂದು ಚೀಟಿ ಕೊಡ್ತಾರೆ, ಅದರಲ್ಲೇ ಲೈಫ್‌ಟೈಮ್ ಟ್ಯಾಕ್ಸ್ ಸೇರಿರುತ್ತದೆ. ಕಾರಿನ ಬೆಲೆ 10 ಲಕ್ಷ ದಾಟಿದರೆ 17 ಪರ್ಸೆಂಟ್, 20 ಲಕ್ಷ ದಾಟಿದರೆ 18, ಅದರ ಮೇಲೆ ಸೆಸ್. ದೊಡ್ಡ ಮೊತ್ತವೇ, ಆದರೆ ಒಮ್ಮೆ ಕಟ್ಟಿ ಕೆಎ-25 ಇಲ್ಲಾ ಕೆಎ-63 ಪಾಸಿಂಗ್ ಆಯ್ತು ಅಂದರೆ ಮತ್ತೆ ಆ ಕಡೆ ತಲೆ ಹಾಕೋದಿಲ್ಲ. ಇಲ್ಲಿ ತೆರಿಗೆ ಕಾರಿನ ಬೆಲೆ ನೋಡುತ್ತದೆ. ಜರ್ಮನಿಯಲ್ಲಿ ಬೆಲೆ ನೋಡೋದೇ ಇಲ್ಲ. ಮೂರು ಸಾವಿರ ಯೂರೋದ ಹಳೇ ಕಾರಿಗೆ ಮೂವತ್ತು ಸಾವಿರದ ಹೊಸ ಕಾರಿಗಿಂತ ಮೂರು ಪಟ್ಟು ತೆರಿಗೆ ಬರಬಹುದು. ಇದು ಹೊಸಬರ ತಲೆಗೆ ಬೇಗ ಹತ್ತೋದಿಲ್ಲ. ನನಗೂ ಹತ್ತಿರಲಿಲ್ಲ.

ನಾನು 2012ರಲ್ಲಿ ಹೋದವನು. ಮರುವರ್ಷ 2008ರ ಎರಡು ಲೀಟರಿನ ಡೀಸೆಲ್ ಕಾರ್ ತಗೊಂಡೆ. ಬೆಲೆ ಕಡಿಮೆ, ಗಾಡಿ ಗಟ್ಟಿ, ಮಾರಿದವರು ತೆರಿಗೆ ಬಗ್ಗೆ ಕೇಳಿದಾಗ "ಅದೆಲ್ಲ ಸ್ವಲ್ಪವೇ" ಅಂದರು, ನಾನೂ ನಂಬಿ ಸಹಿ ಹಾಕಿದೆ. ಆಮೇಲೆ ಬಂದ ಕಾಗದದಲ್ಲಿ ವರ್ಷಕ್ಕೆ 308 ಯೂರೋ ಅಂತಿತ್ತು. ಅದೇ ವಯಸ್ಸಿನ 1.4 ಲೀಟರ್ ಪೆಟ್ರೋಲ್ ಕಾರ್ ತಗೊಂಡಿದ್ದರೆ 94 ಯೂರೋ ಆಗ್ತಿತ್ತು. ವರ್ಷಕ್ಕೆ 214 ಯೂರೋ ಜಾಸ್ತಿ, ನಾಲ್ಕು ವರ್ಷ ಇಟ್ಟುಕೊಂಡೆ, ಒಟ್ಟು 856 ಯೂರೋ. ಆಗಿನ ದಿನಗಳಲ್ಲಿ ಅಷ್ಟು ದುಡ್ಡಿನಲ್ಲಿ ಊರಿಗೆ ಒಮ್ಮೆ ಹೋಗಿ ಬರಬಹುದಿತ್ತು. ಅದಕ್ಕೇ ಈ ಮಾತನ್ನು ಎಲ್ಲ ಹುಡುಗರಿಗೂ ಕೂರಿಸಿ ಹೇಳುತ್ತೇನೆ. ಕಾರಿನ ಬಣ್ಣ ನೋಡೋ ಮೊದಲು ಅದರ ಕಾಗದ ನೋಡಿ.

ಕಾಗದ ಅಂದರೆ ಫಾರ್‌ತ್ಸೊಯ್ಗ್‌ಶೈನ್. ನಮ್ಮ ಆರ್‌ಸಿ ಇದ್ದ ಹಾಗೆ. ಮಾರುವವರಿಗೆ ಅದರ ಫೋಟೋ ಕಳಿಸಿ ಅಂತ ಕೇಳಿ, ಹೆಸರು ವಿಳಾಸ ಮುಚ್ಚಿ ಕಳಿಸಿದರೂ ಸಾಕು. ನಮಗೆ ಬೇಕಾದದ್ದು ನಾಲ್ಕೇ ಕಡೆ ಇದೆ. "ಬಿ" ಅನ್ನೋ ಜಾಗದಲ್ಲಿ ಗಾಡಿ ಮೊದಲ ಸಲ ಪಾಸಿಂಗ್ ಆದ ದಿನ. "ಪಿ.1"ರಲ್ಲಿ ಇಂಜಿನ್ ಎಷ್ಟು ಸಿಸಿ. "ಪಿ.3"ರಲ್ಲಿ ಪೆಟ್ರೋಲೋ ಡೀಸೆಲ್ಲೋ. "ವಿ.7"ರಲ್ಲಿ ಕಿಲೋಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ ಅನ್ನೋದು. ಹುಷಾರು, ಅದೇ ಕಾಗದದಲ್ಲಿ "ಐ" ಅಂತ ಇನ್ನೊಂದು ದಿನಾಂಕ ಇರುತ್ತದೆ. ಅದು ಈಗಿನ ಮಾಲೀಕರ ಹೆಸರಿಗೆ ಆದ ದಿನ. ತೆರಿಗೆಗೆ ಅದು ಲೆಕ್ಕಕ್ಕಿಲ್ಲ. ನೀವು ಈ ವರ್ಷ ಕೊಂಡರೂ ಗಾಡಿ ಹುಟ್ಟಿದ ದಿನದ ನಿಯಮವೇ ನಡೆಯುತ್ತದೆ.

ಈಗ ಲೆಕ್ಕ. 2009ರ ಜುಲೈ 1ರಿಂದ ಈಚೆಗೆ ಮೊದಲ ಪಾಸಿಂಗ್ ಆದ ಕಾರಿಗೆ ಎರಡು ತುಂಡು ಕೂಡಿಸಬೇಕು. ಒಂದು ಇಂಜಿನ್ನಿನದು. ಪ್ರತಿ 100 ಸಿಸಿಗೆ ಪೆಟ್ರೋಲ್ ಆದರೆ 2 ಯೂರೋ, ಡೀಸೆಲ್ ಆದರೆ 9.50 ಯೂರೋ. ನೂರು ಪೂರ್ತಿ ಆಗದಿದ್ದರೂ ಮೇಲಿನ ನೂರಕ್ಕೇ ಲೆಕ್ಕ. 1197 ಸಿಸಿ ಅಂದರೆ 12 ನೂರು, 1005 ಸಿಸಿ ಅಂದರೆ 11 ನೂರು. ಇನ್ನೊಂದು ಹೊಗೆಯದು, ಅಂದರೆ "ವಿ.7"ರಲ್ಲಿರುವ ಗ್ರಾಂ ಲೆಕ್ಕ. 2014ರಿಂದ 2020ರವರೆಗಿನ ಕಾರಾದರೆ 95 ಗ್ರಾಂವರೆಗೆ ಮಾಫಿ, ಅದರ ಮೇಲಿನ ಒಂದೊಂದು ಗ್ರಾಂಗೂ 2 ಯೂರೋ. ಅದಕ್ಕೂ ಹಳೆಯದಾದರೆ ಮಾಫಿ ಸ್ವಲ್ಪ ಜಾಸ್ತಿ: 2012 ಮತ್ತು 2013ರ ಕಾರಿಗೆ 110 ಗ್ರಾಂ, 2009ರ ಜುಲೈನಿಂದ 2011ರವರೆಗಿನದಕ್ಕೆ 120 ಗ್ರಾಂ.

ಒಂದು ಉದಾಹರಣೆ ತಗೊಳ್ಳಿ. 2019ರ ಸಣ್ಣ ಪೆಟ್ರೋಲ್ ಕಾರ್, 999 ಸಿಸಿ, 108 ಗ್ರಾಂ. ಇಂಜಿನ್ನಿಗೆ 20 ಯೂರೋ. ಹೊಗೆಗೆ 13 ಗ್ರಾಂ ಜಾಸ್ತಿ, ಅಂದರೆ 26 ಯೂರೋ. ವರ್ಷಕ್ಕೆ 46 ಯೂರೋ, ಮುಗೀತು.

2021ರ ಜನವರಿ 1ರಿಂದ ಹೊಗೆಯ ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 95ರಿಂದ 115 ಗ್ರಾಂವರೆಗೆ ಗ್ರಾಂಗೆ 2 ಯೂರೋ, 135ರವರೆಗೆ 2.20, 155ರವರೆಗೆ 2.50, 175ರವರೆಗೆ 2.90, 195ರವರೆಗೆ 3.40, ಅಲ್ಲಿಂದ ಮೇಲೆ 4 ಯೂರೋ. ಆಯಾ ಮೆಟ್ಟಿಲಿನ ಗ್ರಾಂಗಳಿಗೆ ಮಾತ್ರ ಆ ದರ. ನಮ್ಮ ಕರೆಂಟ್ ಬಿಲ್ಲಿನಲ್ಲಿ ಹಿಂದೆ ಸ್ಲ್ಯಾಬ್ ಇರ್ತಿತ್ತಲ್ವಾ, ಹಾಗೆ. 2022ರ 1197 ಸಿಸಿ ಪೆಟ್ರೋಲ್ ಕಾರ್, 125 ಗ್ರಾಂ ಅಂದುಕೊಳ್ಳಿ. ಇಂಜಿನ್ನಿಗೆ 24. ಹೊಗೆಗೆ ಮೊದಲ 20 ಗ್ರಾಂಗೆ 40, ಮುಂದಿನ 10 ಗ್ರಾಂಗೆ 22. ಒಟ್ಟು 86 ಯೂರೋ. ಗಂಡ ಹೆಂಡತಿ ಒಂದು ಮಗು ಇರೋ ಮನೆಗೆ ಇಂಥ ಕಾರ್ ಧಾರಾಳ ಸಾಕು ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ಎಸ್‌ಯುವಿ ಆಸೆ ಇದ್ದವರು ಇದನ್ನೂ ನೋಡಿ: 200 ಗ್ರಾಂ ಬಿಡುವ ಗಾಡಿಗೆ 2020ರದ್ದಾದರೆ ಹೊಗೆಯ ತುಂಡು 210 ಯೂರೋ, ಅದೇ ಗಾಡಿ 2021ರದ್ದಾದರೆ 280. ಒಂದೇ ಕಾರ್, ಒಂದೇ ಇಂಜಿನ್. ಡಿಸೆಂಬರ್ ಕೊನೆಗೆ ಪಾಸಿಂಗ್ ಆದದ್ದಕ್ಕೂ ಜನವರಿಯಲ್ಲಿ ಆದದ್ದಕ್ಕೂ ವರ್ಷಕ್ಕೆ 70 ಯೂರೋ ವ್ಯತ್ಯಾಸ.

ಕೊನೆಗೆ ಬಂದ ಮೊತ್ತದಲ್ಲಿ ಸೆಂಟ್ ಇದ್ದರೆ ಬಿಟ್ಟುಬಿಡುತ್ತಾರೆ, ಪೂರ್ತಿ ಯೂರೋ ಮಾತ್ರ ಕಟ್ಟಬೇಕು. ಜಾಹೀರಾತಿನಲ್ಲಿ ಬರೆದ ಗ್ರಾಂ ನಂಬಬೇಡಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳ ತೆರಿಗೆಗೆ ಹೊಸ ಪರೀಕ್ಷೆಯ ಅಂಕಿ ಹಿಡಿಯುತ್ತಾರೆ, ಅದು ಹಳೇ ಅಂಕಿಗಿಂತ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಕಾಗದದಲ್ಲಿ ಇದ್ದದ್ದೇ ನಿಜ. ಜರ್ಮನಿಯ ಹಣಕಾಸು ಮಂತ್ರಾಲಯದ ವೆಬ್‌ಸೈಟಿನಲ್ಲಿ ಲೆಕ್ಕ ಹಾಕುವ ಸೌಲಭ್ಯವೂ ಇದೆ. ಆದರೂ ಒಮ್ಮೆ ಕೈಯಿಂದ ಮಾಡಿ ನೋಡಿ, ಯಾವುದು ದುಬಾರಿ ಯಾಕೆ ದುಬಾರಿ ಅಂತ ಆಗ ತಿಳಿಯುತ್ತದೆ.

2009ರ ಜುಲೈಗಿಂತ ಹಳೇ ಕಾರಿಗೆ ಸಾಮಾನ್ಯವಾಗಿ ಗ್ರಾಂ ಲೆಕ್ಕ ಇಲ್ಲ. ಬರೀ ಸಿಸಿ ಮತ್ತು ಯೂರೋ 3, ಯೂರೋ 4 ಅನ್ನೋ ಹೊಗೆಯ ದರ್ಜೆ. ಇದು ದುಡ್ಡಿನ ಯೂರೋ ಅಲ್ಲ, ನಮ್ಮ ಬಿಎಸ್ 4, ಬಿಎಸ್ 6 ಇದ್ದ ಹಾಗೆ. ಯೂರೋ 3 ಅಥವಾ ಅದಕ್ಕಿಂತ ಒಳ್ಳೇದಾದರೆ 100 ಸಿಸಿಗೆ ಪೆಟ್ರೋಲ್ 6.75, ಡೀಸೆಲ್ 15.44. ನನ್ನ ಕಾರ್ 1968 ಸಿಸಿ, 20 ನೂರು, 308.80. ಆ 80 ಸೆಂಟ್ ಬಿಟ್ಟರು. ಅದಕ್ಕಿಂತ ಕೆಳಗಿನ ದರ್ಜೆಯ ಗಾಡಿಗೆ ಇನ್ನೂ ಜಾಸ್ತಿ, ಅಂಥದನ್ನು ಹೊಸಬರು ಮುಟ್ಟದಿರೋದೇ ಒಳ್ಳೇದು.

ಡೀಸೆಲ್‌ಗೆ ಯಾಕಿಷ್ಟು ಅಂತ ಗದಗಿನ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಪಂಪಿನಲ್ಲಿ ಸರ್ಕಾರ ಪೆಟ್ರೋಲ್ ಲೀಟರಿಗೆ 65.45 ಸೆಂಟ್ ಇಂಧನ ತೆರಿಗೆ ಹಾಕುತ್ತದೆ, ಡೀಸೆಲ್ಲಿಗೆ 47.04 ಮಾತ್ರ. ಅಲ್ಲಿ ಬಿಟ್ಟ 18 ಸೆಂಟನ್ನು ಇಲ್ಲಿ ಕಾರಿನ ತೆರಿಗೆಯಲ್ಲಿ ಹಿಡಿಯುತ್ತಾರೆ. ಅಂದರೆ ಜಾಸ್ತಿ ಓಡಿಸುವವರಿಗೆ ಡೀಸೆಲ್, ಕಡಿಮೆ ಓಡಿಸುವವರಿಗೆ ಪೆಟ್ರೋಲ್. ಎರಡು ಲೀಟರಿನ ಹೊಸ ಕಾಲದ ಕಾರಿನಲ್ಲಿ ಇಂಜಿನ್ ತುಂಡಿನ ವ್ಯತ್ಯಾಸ ವರ್ಷಕ್ಕೆ 150 ಯೂರೋ. 100 ಕಿಲೋಮೀಟರಿಗೆ 6 ಲೀಟರ್ ಅಂತ ಹಿಡಿದು ಬರೀ ತೆರಿಗೆಯ ಲೆಕ್ಕ ನೋಡಿದರೆ, ಅದನ್ನು ಪಂಪಿನಲ್ಲಿ ವಾಪಸ್ ಪಡೆಯೋಕೆ ವರ್ಷಕ್ಕೆ 12ರಿಂದ 14 ಸಾವಿರ ಕಿಲೋಮೀಟರ್ ಓಡಿಸಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೆಲಸದ ದಿನವೆಲ್ಲ ಹೋಗಿ ಬಂದರೂ ವರ್ಷಕ್ಕೆ 10 ಸಾವಿರ ಆಗುತ್ತದೆ ಅಷ್ಟೇ. ನಾನು ಟ್ರೇನಿನಲ್ಲಿ ಆಫೀಸಿಗೆ ಹೋಗ್ತಿದ್ದವನು, ವರ್ಷಕ್ಕೆ 6 ಸಾವಿರವೂ ಓಡಿಸ್ತಿರಲಿಲ್ಲ. ನನಗೆ ಡೀಸೆಲ್ ಯಾವ ಲೆಕ್ಕದಲ್ಲೂ ಬೇಕಾಗಿರಲಿಲ್ಲ.

ಪೂರ್ತಿ ಬ್ಯಾಟರಿ ಕಾರಿಗೆ ಮೊದಲ ಪಾಸಿಂಗ್‌ನಿಂದ 10 ವರ್ಷದವರೆಗೆ ತೆರಿಗೆ ಮಾಫಿ, ಆದರೆ ಅದಕ್ಕೆ ಕಾನೂನಿನಲ್ಲಿ ಒಂದು ಕೊನೇ ದಿನಾಂಕವೂ ಇದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಉಳಿದ ವರ್ಷ ಮಾತ್ರ ನಿಮಗೆ ಸಿಗುತ್ತದೆ. ಆಮೇಲೆ ತೂಕದ ಮೇಲೆ ತೆರಿಗೆ. ಪ್ಲಗ್-ಇನ್ ಹೈಬ್ರಿಡ್‌ಗೆ ಮಾಫಿ ಇಲ್ಲ, ಆದರೆ ಅದರ ಗ್ರಾಂ ಸಾಮಾನ್ಯವಾಗಿ 95ರ ಒಳಗೇ ಇರೋದರಿಂದ ಇಂಜಿನ್ ತುಂಡು ಮಾತ್ರ ಬೀಳುತ್ತದೆ. ಬುಲೆಟ್ ಪ್ರೀತಿ ಇದ್ದವರಿಗೂ ಒಂದು ಮಾತು: ಬೈಕಿಗೆ ಪ್ರತಿ 25 ಸಿಸಿಗೆ 1.84 ಯೂರೋ. 349 ಸಿಸಿ ಬುಲೆಟ್‌ಗೆ ವರ್ಷಕ್ಕೆ 25 ಯೂರೋ ಅಷ್ಟೇ.

ಇನ್ನು ಕಟ್ಟೋದು ಹೇಗೆ. ಪಾಸಿಂಗ್‌ಗೆ ಹೋಗುವಾಗ ಗಾಡಿಯ ಕಾಗದ, ಪಾಸ್‌ಪೋರ್ಟ್, ಊರಿನಲ್ಲಿ ವಾಸ ನೋಂದಾಯಿಸಿದ ಕಾಗದ, ಇನ್ಶೂರೆನ್ಸ್ ಆಗಿದೆ ಅನ್ನೋದಕ್ಕೆ ಕಂಪನಿಯವರು ಕೊಡುವ ಇ-ಫೌ-ಬೇ ನಂಬರ್ ಇವುಗಳ ಜೊತೆ ಸೆಪಾ ಫಾರ್ಮ್ ಅಂತ ಒಂದು ಕೊಡಬೇಕು. ತೆರಿಗೆ ದುಡ್ಡನ್ನು ನನ್ನ ಖಾತೆಯಿಂದ ನೇರವಾಗಿ ತಗೊಳ್ಳಿ ಅನ್ನೋ ಒಪ್ಪಿಗೆ ಅದು. ಅದಿಲ್ಲದೆ ಪಾಸಿಂಗ್ ಮಾಡೋದೇ ಇಲ್ಲ. ಹಾಗಾಗಿ ಮೊದಲು ಬ್ಯಾಂಕ್ ಖಾತೆ, ಆಮೇಲೆ ಕಾರ್. ಖಾತೆ ಇನ್ನೂ ಆಗಿಲ್ಲ ಅಂದರೆ ಗೆಳೆಯರ ಖಾತೆಯಿಂದಲೂ ನಡೆಯುತ್ತದೆ, ಆದರೆ ಅವರ ಸಹಿ ಬೇಕು.

ಕೆಲವು ವಾರಕ್ಕೆ ಮನೆಗೆ ಒಂದು ಕವರ್ ಬರುತ್ತದೆ. ಕಳಿಸಿದವರು ತ್ಸೋಲ್, ಅಂದರೆ ಕಸ್ಟಮ್ಸ್. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ, ಊರಿಂದ ಅವ್ವ ಕಳಿಸಿದ ಪೇಢೆ, ಶೇಂಗಾ ಚಟ್ನಿಯ ಪಾರ್ಸೆಲ್ ಹಿಡಿದರೋ ಏನೋ ಅಂತ. ಗಾಬರಿ ಬೇಡ. 2014ರಿಂದ ಕಾರಿನ ತೆರಿಗೆ ವಸೂಲಿ ಅವರದೇ ಕೆಲಸ. ಆ ಕಾಗದಕ್ಕೆ ಬೆಶೈಡ್ ಅಂತಾರೆ. ಎಸೆಯಬೇಡಿ. ಪ್ರತಿ ವರ್ಷ ಹೊಸದು ಕಳಿಸೋದಿಲ್ಲ, ಏನಾದರೂ ಬದಲಾಗುವವರೆಗೆ ಅದೊಂದೇ ನಡೆಯುತ್ತದೆ. ನಿಮ್ಮ ತೆರಿಗೆ ವರ್ಷ ಜನವರಿಯಿಂದ ಅಲ್ಲ, ಪಾಸಿಂಗ್ ಆದ ದಿನದಿಂದ ಶುರು. ಆ ದಿನದ ಹೊತ್ತಿಗೆ ಖಾತೆಯಲ್ಲಿ ದುಡ್ಡಿರಲಿ. ಕಾಗದದಲ್ಲಿ ಸಿಸಿ, ಗ್ರಾಂ, ದಿನಾಂಕ ನಿಮ್ಮ ಲೆಕ್ಕದ ಜೊತೆ ಹೊಂದುತ್ತಾ ಅಂತ ಒಂದೊಂದಾಗಿ ನೋಡಿ. ತಪ್ಪಿದ್ದರೆ ಒಂದು ತಿಂಗಳ ಒಳಗೆ ಬರೆದು ತಕರಾರು ಹಾಕಬಹುದು. ಇಮೇಲಿನಲ್ಲಿ ಲಿಂಕ್ ಕಳಿಸಿ ಕೂಡಲೇ ತೆರಿಗೆ ಕಟ್ಟು ಅಂದರೆ ಅದು ಮೋಸ, ಒತ್ತಲೇಬೇಡಿ.

ಬ್ಯಾಂಕ್ ಬದಲಿಸಿದರೆ ತ್ಸೋಲ್‌ಗೆ ಹೊಸ ಸೆಪಾ ಫಾರ್ಮ್ ಕಳಿಸಿ. ನಮ್ಮವರು ಜಾಸ್ತಿ ಮರೆಯೋದು ಇದನ್ನೇ. ದುಡ್ಡು ಹೋಗದೆ ವಾಪಸ್ ಬಂದರೆ ದಂಡ ಬೀಳುತ್ತದೆ, ಸುಮ್ನೆ ಬಿಟ್ಟರೆ ಗಾಡಿ ರಸ್ತೆಗೆ ಇಳಿಸದ ಹಾಗೆ ಮಾಡುವ ಅಧಿಕಾರ ಅವರಿಗಿದೆ. ಊರು ಬದಲಿಸಿದಾಗ ಮಾತ್ರ ಪಾಸಿಂಗ್ ಕಚೇರಿಯಲ್ಲಿ ಹೊಸ ವಿಳಾಸ ಕೊಟ್ಟರೆ ಸಾಕು, ಅವರೇ ತ್ಸೋಲ್‌ಗೆ ತಿಳಿಸುತ್ತಾರೆ. ಸ್ಟುಟ್‌ಗಾರ್ಟ್‌ನಿಂದ ಬೋಬ್ಲಿಂಗನ್‌ಗೆ ಹೋದರೂ, ಬರ್ಲಿನ್‌ಗೆ ಹೋದರೂ ತೆರಿಗೆ ಅಷ್ಟೇ. ಊರಿನ ಮೇಲೆ ಬದಲಾಗೋದು ಇನ್ಶೂರೆನ್ಸ್. ಹೊಸಬರಿಗೆ ಅದು ತೆರಿಗೆಗಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ, ಅದನ್ನು ಬೇರೆಯಾಗಿಯೇ ವಿಚಾರಿಸಿ.

ಎರಡು ಮೂರು ತಿಂಗಳು ಊರಿಗೆ ಬಂದರೆ ತೆರಿಗೆ ನಿಲ್ಲುತ್ತಾ ಅಂತ ಹಲವರು ಕೇಳ್ತಾರೆ. ಕಾರ್ ಓಡಲಿ ಬಿಡಲಿ, ಪಾಸಿಂಗ್ ಇರುವವರೆಗೆ ತೆರಿಗೆ ಓಡುತ್ತಲೇ ಇರುತ್ತದೆ. ಪಾಸಿಂಗ್ ರದ್ದು ಮಾಡಿಸಿದರೆ ನಿಲ್ಲುತ್ತದೆ, ಉಳಿದ ದಿನಗಳ ದುಡ್ಡು ಅರ್ಜಿ ಹಾಕದೆಯೇ ಖಾತೆಗೆ ವಾಪಸ್ ಬರುತ್ತದೆ. ಕಾರ್ ಮಾರುವಾಗ ಇದನ್ನು ನೆನಪಿಡಿ. ನಮ್ಮಲ್ಲಿ ಕೀ ಕೊಟ್ಟು, ಸಹಿ ಹಾಕಿದ ಫಾರ್ಮ್ ಕೊಟ್ಟು, ನೀವೇ ಹೆಸರು ಬದಲಿಸಿಕೊಳ್ಳಿ ಅಂತ ಕಳಿಸಿಬಿಡ್ತಾರಲ್ವಾ, ಅಲ್ಲಿ ಹಾಗೆ ಮಾಡಬೇಡಿ. ಕೊಂಡವರು ತಿಂಗಳುಗಟ್ಟಲೆ ತಮ್ಮ ಹೆಸರಿಗೆ ಮಾಡಿಸದಿದ್ದರೆ ತೆರಿಗೆ ನಿಮ್ಮ ಖಾತೆಯಿಂದಲೇ ಹೋಗುತ್ತಿರುತ್ತದೆ. ಮೊದಲು ಪಾಸಿಂಗ್ ರದ್ದು ಮಾಡಿಸಿ, ಆಮೇಲೆ ಕೀ ಕೊಡಿ. ಅದಾಗದಿದ್ದರೆ ಮಾರಿದ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ, ಅವತ್ತೇ ಪಾಸಿಂಗ್ ಕಚೇರಿಗೆ ತಿಳಿಸಿ.

ಗದಗಿನ ಹುಡುಗ ಅಲ್ಲೇ ಕೂತು ಮಾರುವವರಿಗೆ ಮೆಸೇಜ್ ಹಾಕಿ ಕಾಗದದ ಫೋಟೋ ಕೇಳಿದ. ಚಹಾ ಕುಡಿದು ಮುಗಿಸೋ ಹೊತ್ತಿಗೆ ಬಂತು. 2007ರದ್ದು, ಡೀಸೆಲ್, ಯೂರೋ 4, 1896 ಸಿಸಿ. ಪೆನ್ನು ಅವನ ಕೈಗೇ ಕೊಟ್ಟೆ. ಹತ್ತೊಂಬತ್ತು ಗುಣಿಸು 15.44, "ಕಾಕಾ, 293 ಆತು" ಅಂದ.