ಗಂಗಾವತಿಯ ಬಿಸಿಲಲ್ಲಿ ಸೇಜ್ ಬೆಳೆಸಿದ್ದು

ಬೆಂಗಳೂರಿನಲ್ಲಿರುವ ತಮ್ಮ ಒಂದು ಸಲ ಊರಿಗೆ ಬರುವಾಗ ಸೇಜ್ ಬೀಜದ ಪೊಟ್ಟಣ ತಂದುಕೊಟ್ಟ. "ಇಟಲಿಯವರು ಅಡುಗೆಗೆ ಹಾಕ್ತಾರಂತೆ, ಮಾಳಿಗೆ ಮೇಲೆ ಹಾಕಿ ನೋಡಕ್ಕ" ಅಂದ. ನಮ್ಮ ಮಾಳಿಗೆಯಲ್ಲಿ ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲ ಇವೆ. ಸೇಜ್ ಕೂಡ ಅದೇ ಕುಟುಂಬದ ಗಿಡ. ಇದೇನು ಮಹಾ ಅಂದುಕೊಂಡೆ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಬಿತ್ತಿದೆ. ಹೊಲದಿಂದ ತಂದ ಎರೆಮಣ್ಣು, ಅದಕ್ಕೆ ಒಂದಿಷ್ಟು ಸಗಣಿ ಗೊಬ್ಬರ. 20 ಬೀಜದಲ್ಲಿ ಹುಟ್ಟಿದ್ದು 3. ಆ ಮೂರೂ ವಾರದೊಳಗೆ ಹೋದವು. ಬೆಳಿಗ್ಗೆ ನೋಡಿದರೆ ಎಲೆ ಹಸಿರಾಗೇ ಇದೆ, ಮಣ್ಣಿಗೆ ತಾಗುವ ಕಡೆ ಕಾಂಡ ಮಾತ್ರ ದಾರದ ಹಾಗೆ ಸಣ್ಣಗಾಗಿ ಸಸಿ ಮಲಗಿಬಿಟ್ಟಿದೆ. ಮೆಣಸಿನ ಸಸಿ ಮಡಿ ಮಾಡಿದವರಿಗೆ ಇದು ಹೊಸದಲ್ಲ. ನೀರು ಜಾಸ್ತಿಯಾಗಿ ಬುಡ ಕೊಳೆತಿತ್ತು. ಸೇಜ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಕಲ್ಲುಗುಡ್ಡಗಳ ಗಿಡ. ಊರ ಸುತ್ತ ಎತ್ತ ನೋಡಿದರೂ ಕಲ್ಲುಗುಡ್ಡವೇ ಇರುವಾಗ ನಾನು ಅದನ್ನು ಒಯ್ದು ನೀರು ಹಿಡಿದಿಡುವ ಎರೆಮಣ್ಣಿಗೆ ಹಾಕಿದ್ದೆ!

ಎರಡನೇ ಸಲ ದೀಪಾವಳಿ ಕಳೆದು ಚಳಿ ಶುರುವಾಗುವವರೆಗೆ ಕಾದೆ. ಜರಡಿ ಹಿಡಿದ ಮಸಾರಿ ಮಣ್ಣು (ಕೆಂಪು ಮಣ್ಣು) 2 ಪಾಲು, ದಪ್ಪ ಉಸುಕು 1 ಪಾಲು, ಸುಟ್ಟ ಭತ್ತದ ಹೊಟ್ಟು 1 ಪಾಲು. ರೈಸ್ ಮಿಲ್‌ಗಳ ಊರಲ್ಲಿ ಹೊಟ್ಟಿಗೇನು ಬರ? ಆದರೆ ಬಿಳೀ ಬೂದಿಯಾಗಿದ್ದು ಬೇಡ, ಅದು ನೀರು ಬಿದ್ದರೆ ಗಟ್ಟಿಯಾಗಿ ಕೂರುತ್ತದೆ. ಕರ್ರಗೆ ಕರಕಲಾಗಿ, ಹೊಟ್ಟಿನ ಆಕಾರ ಹಾಗೇ ಉಳಿದಿರಬೇಕು.

ಬೀಜ ಸಾಸಿವೆಗಿಂತ ಚೂರು ದಪ್ಪ, ಕಂದು ಬಣ್ಣ. ತಳಕ್ಕೆ ತೂತು ಮಾಡಿದ ಪೇಪರ್ ಕಪ್‌ಗಳಲ್ಲಿ ಎರಡೆರಡು ಬೀಜ, ಅರ್ಧ ಸೆಂಟಿಮೀಟರ್ ಆಳಕ್ಕೆ. ಮೇಲಿಂದ ನೀರು ಹಾಕಲೇ ಇಲ್ಲ. ನೀರಿದ್ದ ತಟ್ಟೆಯಲ್ಲಿ ಕಪ್ ಇಡೋದು, ಮೇಲಿನ ಮಣ್ಣಿನ ಬಣ್ಣ ಕಪ್ಪಾದ ತಕ್ಷಣ ತೆಗೆಯೋದು. ಹತ್ತು ದಿನವಾದರೂ ಏನೂ ಇಲ್ಲ. "ಕೊತ್ತಂಬರಿ ಹಾಕಿದ್ರ ಸಾರಿಗಾದ್ರೂ ಆಗ್ತಿತ್ತು" ಅಂದರು ಅತ್ತೆ. ಹನ್ನೆರಡನೇ ದಿನ ಒಂದು ಕಪ್‌ನಲ್ಲಿ ಬಿಳಿ ಕೊಂಡಿ ಕಂಡಿತು. ಮೂರು ವಾರದಲ್ಲಿ 24ಕ್ಕೆ 13 ಬಂದವು. ಮೊದಲ ಜೋಡಿ ಎಲೆ ನುಣುಪು, ಯಾವ ಗಿಡದ್ದು ಅಂತ ಹೇಳೋಕಾಗಲ್ಲ. ಆಮೇಲೆ ಬರೋದು ಬೂದು ಹಸಿರು, ಬೆಕ್ಕಿನ ನಾಲಿಗೆಯಂಥ ತರಿ. ಬೆರಳಲ್ಲಿ ಉಜ್ಜಿದರೆ ಕರ್ಪೂರದ ವಾಸನೆ. ಆವತ್ತು ನನಗೆ ನಂಬಿಕೆ ಬಂತು.

ಎರಡು ಮೂರು ಜೋಡಿ ಎಲೆ ಆದ ಮೇಲೆ ಗಟ್ಟಿಮುಟ್ಟಾದ ಐದನ್ನು ಮಣ್ಣಿನ ಕುಂಡಕ್ಕೆ ಬದಲಿಸಿದೆ. ಉಳಿದವು ಅಕ್ಕಪಕ್ಕದವರಿಗೆ.

ನಿಜವಾದ ಪರೀಕ್ಷೆ ಬೇಸಿಗೆ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ಸಾಮಾನ್ಯ, ಮಾಳಿಗೆಯ ಕಲ್ಲು ಕಾದ ಹಂಚು. ಕುಂಡಗಳನ್ನು ಇಟ್ಟಿಗೆ ಮೇಲಿಟ್ಟು ಪೂರ್ವಕ್ಕೆ ಮುಖವಿರುವ ಗೋಡೆ ಬದಿಗೆ ಸರಿಸಿದೆ, ಮೇಲೆ ಹಸಿರು ಬಲೆ ಕಟ್ಟಿದೆ. ಬಿಸಿಲು ಬೆಳಿಗ್ಗೆ ಹತ್ತರವರೆಗೆ ಮಾತ್ರ. ಆದರೂ ಮಧ್ಯಾಹ್ನ ಎಲೆ ಜೋತು ಬೀಳುತ್ತಿದ್ದವು. ನೋಡಿದರೆ ಕರುಳು ಚುರ್ ಅನ್ನುತ್ತೆ, ಅಲ್ವಾ? ಆಗ ನೀರು ಹಾಕಬಾರದು. ಸಂಜೆ ತಂಪಾದ ಮೇಲೆ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ಬಾಯಾರಿದೆ ಅಂತ. ನಾನು ಕುಂಡ ಎತ್ತಿ ನೋಡುತ್ತೇನೆ, ಹಗುರಾಗಿದ್ದರಷ್ಟೇ ನೀರು.

ನಾಲ್ಕು ದಿನ ತವರಿಗೆ ಹೋಗಿದ್ದೆ. ಮನೆಯವರು "ಪಾಪ, ಬಾಡ್ಯಾವ" ಅಂತ ದಿನಾ ಮಧ್ಯಾಹ್ನ ಒಂದೊಂದು ತಂಬಿಗೆ ಸುರಿದಿದ್ದಾರೆ. ಬರುವಷ್ಟರಲ್ಲಿ ಎರಡು ಗಿಡ ಕರ್ರಗಾಗಿದ್ದವು. ಕಿತ್ತು ನೋಡಿದರೆ ಬೇರು ಮೆತ್ತಗೆ, ಕೈಗೇ ಸಿಪ್ಪೆ ಬಿಟ್ಟು ಬಂತು. ಜಗಳ ಆಡಲಿಲ್ಲ, ಪ್ರೀತಿಗೆ ಮಾಡಿದ್ದು ಅಂತ ಸುಮ್ನಾದೆ.

ಉಳಿದ ಮೂರು ಈಗ ಮೊಣಕಾಲೆತ್ತರ ಇವೆ. ಮೊದಲ ವರ್ಷ ಎಲೆ ಹೆಚ್ಚು ಕೀಳಲಿಲ್ಲ. ಈ ಚಳಿಗಾಲದಲ್ಲಿ ಬೀಜದ ತಂಟೆಗೆ ಹೋಗದೆ ನಾಲ್ಕು ಇಂಚಿನ ಕಡ್ಡಿ ಕತ್ತರಿಸಿ ನೆಟ್ಟೆ, ಬೇಗ ಹತ್ತಿದವು.

ಇಟಲಿಯಲ್ಲಿ ಇದರ ಎಲೆಯನ್ನು ಹಿಟ್ಟಲ್ಲಿ ಅದ್ದಿ ಕರೀತಾರೆ. ಗೊತ್ತಾದ ಸಂಜೆ ಮಿರ್ಚಿಗೆ ಕಲಸಿದ ಕಡಲೆಹಿಟ್ಟಲ್ಲೇ ಎಂಟು ಎಲೆ ಅದ್ದಿ ಎಣ್ಣೆಗೆ ಬಿಟ್ಟೆ. ಅತ್ತೆ ಎರಡು ತಿಂದರು. ಮೂರನೆಯದಕ್ಕೆ ಕೈ ಹಾಕುತ್ತ, "ದೊಡ್ಡಪತ್ರಿನೇ ಚಲೋ" ಅಂದರು.