ಡೆಂಗಿಯಿಂದ ಚೇತರಿಸಿಕೊಳ್ಳುತ್ತಾ ಫೈನಲ್‌ಗೆ ಕಾದದ್ದು

ಡೆಂಗಿಯಲ್ಲಿ ಜ್ವರ ಇಳಿದ ದಿನವೇ ಹೆಚ್ಚು ಎಚ್ಚರದಿಂದಿರಬೇಕಾದ ದಿನ ಎಂಬುದು ನನಗೆ ಸ್ಪಷ್ಟವಾಗಿ ತಿಳಿದದ್ದು 2022ರ ಡಿಸೆಂಬರ್‌ನಲ್ಲಿ, ಕತಾರ್‌ನ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್ ಹಂತಕ್ಕೆ ಬಂದಿದ್ದಾಗ. ಮೈ ತಣ್ಣಗಾಗಿತ್ತು, ಕಣ್ಣಿನ ಹಿಂದಿನ ನೋವೂ ಕಡಿಮೆಯಾಗಿತ್ತು. ಆದರೆ ಅಂದಿನ ರಕ್ತಪರೀಕ್ಷೆಯಲ್ಲಿ, ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಎಣಿಕೆ 58 ಸಾವಿರಕ್ಕೆ ಇಳಿದಿತ್ತು. ಜ್ವರ ಬಿಟ್ಟ ನಂತರದ ಒಂದೆರಡು ದಿನಗಳಲ್ಲಿ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಸಾಧ್ಯತೆ ಇರುವುದರಿಂದ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಅಥವಾ ಒಸಡಿನಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯದೆ ಬರಬೇಕೆಂದು ವೈದ್ಯರು ಹೇಳಿ ಕಳುಹಿಸಿದರು.

ಅರ್ಜೆಂಟೀನಾ ಫೈನಲ್ ತಲುಪಿದರೆ ಮೆಸ್ಸಿಯ ಕೊನೆಯ ವಿಶ್ವಕಪ್ ಪಂದ್ಯವಾಗಬಹುದಾದ ಅದನ್ನು ನೋಡಲೇಬೇಕೆಂಬ ಆಸೆ ನನ್ನಲ್ಲಿ ಜ್ವರದ ನಡುವೆಯೂ ಉಳಿದಿತ್ತು. ಫೈನಲ್ ನಮ್ಮಲ್ಲಿ ಡಿಸೆಂಬರ್ 18ರ ರಾತ್ರಿ ಎಂಟೂವರೆಗೆ. ಸೆಮಿಫೈನಲ್‌ಗಳಾದರೋ ನಡುರಾತ್ರಿ ಹನ್ನೆರಡೂವರೆಗೆ. ಎರಡನ್ನೂ ನೋಡುವ ಶಕ್ತಿ ನನ್ನಲ್ಲಿರಲಿಲ್ಲವಾದ್ದರಿಂದ ಸೆಮಿಫೈನಲ್‌ಗಳನ್ನು ಬಿಟ್ಟುಕೊಡಲು ನಿರ್ಧರಿಸಿದೆ. ಕ್ರೊಯೇಷಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಮೂರನೇ ಗೋಲಿಗೆ ಮುನ್ನ ಮೆಸ್ಸಿ ಎದುರಾಳಿ ರಕ್ಷಣಾ ಆಟಗಾರ ಗ್ವಾರ್ಡಿಯೋಲ್‌ನನ್ನು ಬಲಬದಿಯ ಗೆರೆಯುದ್ದಕ್ಕೂ ಎಳೆದೊಯ್ದು, ತಿರುಗಿ, ಜೊತೆ ಆಟಗಾರ ಅಲ್ವಾರೆಜ್‌ಗೆ ಚೆಂಡು ಕೊಟ್ಟದ್ದನ್ನು ಬೆಳಿಗ್ಗೆ ಗಂಜಿ ಕುಡಿಯುತ್ತಾ ನೋಡಿದೆ. ಚೇತರಿಕೆಯ ಕಾಲದಲ್ಲಿ ರಾತ್ರಿಯ ನಿದ್ರೆಗೆ ಸಮನಾದ ಔಷಧಿ ಬೇರೊಂದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಅದೇ ವಾರ, ಫೈನಲ್‌ನ ಇನ್ನೊಂದು ತಂಡವಾದ ಫ್ರಾನ್ಸ್‌ನಲ್ಲೂ ಜ್ವರ, ನೆಗಡಿ ಹರಡಿದ ಸುದ್ದಿ ಬಂತು. ಅದರ ಆಟಗಾರರಾದ ರಾಬಿಯೋ ಮತ್ತು ಉಪಮೆಕಾನೊ ಮೊರಾಕ್ಕೊ ವಿರುದ್ಧದ ಸೆಮಿಫೈನಲ್ ಆಡಲಿಲ್ಲ. ಇಬ್ಬರೂ ಫೈನಲ್‌ನಲ್ಲಿ ಮೊದಲ ಹನ್ನೊಂದರಲ್ಲಿದ್ದರು. ನಾನು ಅರ್ಜೆಂಟೀನಾದ ಪಕ್ಷಪಾತಿಯಾದರೂ, ಅವರು ಚೇತರಿಸಿಕೊಂಡು ಅಂಗಳಕ್ಕೆ ಮರಳಿದ ವಿಷಯ ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು.

ನನ್ನ ದಿನಚರಿಯಲ್ಲಿ ವಿಶೇಷವಾದದ್ದೇನೂ ಇರಲಿಲ್ಲ. ಓಆರ್‌ಎಸ್, ಎಳನೀರು, ಉಪ್ಪು ಹಾಕಿದ ತಿಳಿ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ದಿನವಿಡೀ ಕುಡಿಯುತ್ತಿದ್ದೆ. ಕುಡಿದದ್ದು ಸಾಕಾಗಿದೆಯೇ ಎಂಬುದನ್ನು ಮೂತ್ರದ ಬಣ್ಣ ನೋಡಿ ತಿಳಿಯುತ್ತಿದ್ದೆ. ಮೈಕೈ ನೋವಿಗೆ ಪ್ಯಾರಸಿಟಮಾಲ್ ಹೊರತು ಬೇರೆ ಮಾತ್ರೆ ಮುಟ್ಟಲಿಲ್ಲ, ಏಕೆಂದರೆ ಐಬುಪ್ರೊಫೆನ್, ಆಸ್ಪಿರಿನ್‌ಗಳು ಡೆಂಗಿಯಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತಿದ್ದುದರಿಂದ ಮೊದಲು ಕಾಲು ಇಳಿಬಿಟ್ಟು ಕುಳಿತು, ಆಮೇಲೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಪ್ಲೇಟ್‌ಲೆಟ್ ಲಕ್ಷ ದಾಟಿದ ಮೇಲೂ ಈ ಸುಸ್ತು ಹೋಗಲಿಲ್ಲ. ಡೆಂಗಿಯ ನಂತರ ಅದು ವಾರಗಟ್ಟಲೆ ಉಳಿಯುವುದು ಸಾಮಾನ್ಯ.

ಫೈನಲ್‌ನ ದಿನ ಗೆಳೆಯರು ಬೆಂಗಳೂರಿನ ಹಲಸೂರಿನ ಗೌತಮಪುರಕ್ಕೆ ಕರೆದರು. ಪೆಲೆಯ ಪ್ರತಿಮೆಯಿರುವ ಆ ಬಡಾವಣೆಯಲ್ಲಿ ಜನರ ನಡುವೆ ನಿಂತು ಪಂದ್ಯ ನೋಡುವ ಸುಖ ನನಗೆ ಗೊತ್ತಿದ್ದರೂ ಹೋಗಲಿಲ್ಲ. ಮಧ್ಯಾಹ್ನ ಮಲಗಿದೆ, ಏಳೂವರೆಗೆ ಅನ್ನ ತಿಳಿಸಾರು ಉಂಡೆ, ದಿಂಬಿಗೆ ಒರಗಿ ಕುಳಿತೆ. ವಿರಾಮದ ವೇಳೆಗೆ ಅರ್ಜೆಂಟೀನಾ 2-0 ಮುಂದಿತ್ತು. ಆ ಹದಿನೈದು ನಿಮಿಷ ಕಣ್ಣು ಮುಚ್ಚಿ ಮಲಗಿದ್ದೆ. ಫ್ರಾನ್ಸ್‌ನ ಎಂಬಾಪೆ 80 ಮತ್ತು 81ನೇ ನಿಮಿಷಗಳಲ್ಲಿ ಹೊಡೆದ ಗೋಲುಗಳಿಂದ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದಾಗ ಅಮ್ಮ ಮಾತಿಲ್ಲದೆ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಕೊನೆಗಳಿಗೆಯಲ್ಲಿ ಫ್ರಾನ್ಸ್‌ನ ಕೊಲೊ ಮುವಾನಿಯ ಹೊಡೆತವನ್ನು ನಮ್ಮ ಗೋಲ್‌ಕೀಪರ್ ಮಾರ್ಟಿನೆಜ್ ಎಡಗಾಲು ಚಾಚಿ ತಡೆದಾಗ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. 3-3ರ ನಂತರ ಪೆನಾಲ್ಟಿಯಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಿತು, ನಾನು ಅತ್ತೆ.

ಮರುದಿನ ರಜೆಯನ್ನು ಮೊದಲೇ ಕೇಳಿಟ್ಟಿದ್ದೆ. ಚಿಕ್ಕ ನಡಿಗೆಯನ್ನು ಆ ವಾರದ ಕೊನೆಗೆ ಆರಂಭಿಸಿದೆ. ವಾರಾಂತ್ಯದ ಆಟಕ್ಕೆ ಬೂಟು ಕಟ್ಟಿದ್ದು ರಕ್ತಪರೀಕ್ಷೆ ಸಹಜಸ್ಥಿತಿಗೆ ಬಂದು, ಮನೆಯ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಹತ್ತಲು ಸಾಧ್ಯವಾದ ಮೇಲಷ್ಟೇ.